ಹೋಲಿಕೆಗೆ ಇಟ್ಟ ಬಾಟಲಿ

ನಮ್ಮ ಊರಿನಲ್ಲಿ ಯಾರ ಆರೋಗ್ಯವನ್ನೂ ಬಾಯಿಬಿಟ್ಟು ವಿಚಾರಿಸುವ ಪದ್ಧತಿ ಇಲ್ಲ. ಬೆಳಿಗ್ಗೆ ಹಾಲಿಗೋ ಹೂವಿಗೋ ಹೊರಟವರು ದಾರಿಯಲ್ಲಿ ಸಿಗುವ ಮನೆಗಳ ಮೆಟ್ಟುಗಲ್ಲಿನ ಮೇಲೆ ಒಂದು ಸಲ ಅಂಗೈ ಇಟ್ಟು ಮುಂದೆ ಹೋಗುತ್ತಾರೆ. ಒಳಗಿರುವವರ ಮೈಯಲ್ಲಿ ರಕ್ತ ಚೆನ್ನಾಗಿ ಓಡುತ್ತಿದ್ದರೆ ಕಲ್ಲು ಬೆಚ್ಚಗಿರುತ್ತದೆ. ಮಕ್ಕಳು ತುಂಬಿದ ಮನೆಯ ಕಲ್ಲಿನ ಮೇಲೆ ಚಳಿಗಾಲದಲ್ಲಿ ಬೆಕ್ಕೂ ನಾಯಿಯೂ ಜಗಳ ಮರೆತು ಒಟ್ಟಿಗೆ ಮಲಗಿರುತ್ತವೆ. ವಯಸ್ಸಾದವರ ಮನೆಯ ಕಲ್ಲಿನಲ್ಲಿ ಬಿಸಿ ಸ್ವಲ್ಪ ಕಡಿಮೆ. ಕಲ್ಲು ತೀರಾ ತಣ್ಣಗೆ ಸಿಕ್ಕಿದರೆ, ಮುಟ್ಟಿದವರು ತಮ್ಮ ಮನೆಗೆ ವಾಪಸ್ಸು ಹೋಗಿ, ಗುಡ್ಡದಲ್ಲಿ ಬೆಳೆಯುವ ಕಾವಿನಸೊಪ್ಪು ಕುದಿಸಿ ಲೋಟದಲ್ಲಿ ತರುತ್ತಾರೆ. ಮನೆಯವರು ಕುಡಿದು ಮುಗಿಸುವ ತನಕ ಅದೇ ಕಲ್ಲಿನ ಮೇಲೆ ಕೂತಿರುತ್ತಾರೆ. ತನ್ನ ಕಲ್ಲು ತಣ್ಣಗಾಗಿದೆ ಎಂದು ತಾನೇ ಹೇಳಿಕೊಳ್ಳುವಂತಿಲ್ಲ. ತನಗಾಗಿ ತಾನೇ ಸೊಪ್ಪು ಕೊಯ್ಯುವಂತೆಯೂ ಇಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಎಲೆಯ ಮುಂದೆ ಕೂತವರು ನನಗಿನ್ನೂ ಪಾಯಸ ಬಂದಿಲ್ಲ ಎಂದು ಕೂಗುವುದಿಲ್ಲವಲ್ಲ, ಹಾಗೆ.

ನಾನು ಈ ಊರಿನಲ್ಲಿ ಹುಟ್ಟಿದವಳಲ್ಲ. ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಬಂದೆ. ನಮ್ಮವರು ಅಂಚೆ ಕಚೇರಿಯಲ್ಲಿದ್ದರು. ನನಗೆ ನೀರು ಸರಬರಾಜು ಕಚೇರಿಯಲ್ಲಿ ನೀರು ಪರೀಕ್ಷಿಸುವ ಕೆಲಸ ಸಿಕ್ಕಿತು. ವಾರಿಜಾ ಎಂಬ ನನ್ನ ಹೆಸರು ಸಂಬಳದ ರಿಜಿಸ್ಟರಿನಲ್ಲಿ ಉಳಿಯಿತು, ಊರಿನ ಬಾಯಲ್ಲಿ ನಾನು 'ನೀರು ಮೇಡಂ' ಆದೆ. ಅದರಲ್ಲಿ ಗೌರವವಿತ್ತು. ಮೇಡಂ ಎಂದು ಕರೆಸಿಕೊಳ್ಳುವವರ ಮನೆಗೆ ಸಕ್ಕರೆ ಸಾಲ ಕೇಳಲು ಯಾರೂ ಬರುವುದಿಲ್ಲ ಎಂಬುದು ಅರ್ಥವಾಗಲು ನನಗೆ ಕೆಲವು ವರ್ಷ ಹಿಡಿಯಿತು.

ನಮ್ಮ ಮನೆ ಇಳಿಜಾರು ಬೀದಿಯ ಕೊನೆಯದು. ಮನೆಯ ಪಕ್ಕದಿಂದ ಕೆರೆಗೆ ಇಳಿಯುವ ಮೆಟ್ಟಿಲುಗಳಿವೆ. ನಾನು ಬಂದ ಹೊಸದರಲ್ಲಿ ಇಡೀ ಬೀದಿಯ ಹೆಂಗಸರು ಕೊಡ ಹಿಡಿದು ನಮ್ಮ ಬಾಗಿಲ ಮುಂದೆಯೇ ಹೋಗಿಬರುತ್ತಿದ್ದರು, ಹೋಗುವಾಗ ಒಂದು ಮಾತು, ಬರುವಾಗ ಒಂದು ಮಾತು. ಆಮೇಲೆ ನಮ್ಮ ಕಚೇರಿಯೇ ಮನೆಮನೆಗೆ ನಲ್ಲಿ ಹಾಕಿಸಿತು. ಆ ನೀರು ಕುಡಿಯಲು ಯೋಗ್ಯವಾಗಿದೆ ಎಂದು ಸಹಿ ಹಾಕಿದವಳು ನಾನೇ. ಮೆಟ್ಟಿಲುಗಳ ಮೇಲೆ ಈಗ ಲಂಟಾನ ಬೆಳೆದಿದೆ. ಕೊನೆಯ ಮನೆಯನ್ನು ದಾಟಿ ಹೋಗಬೇಕಾದ ಕೆಲಸ ಯಾರಿಗೂ ಇಲ್ಲ.

ನಮ್ಮವರಿದ್ದಾಗ ಅದು ನನ್ನ ಗಮನಕ್ಕೆ ಬರಲಿಲ್ಲ. ಅವರದು ಬಿಸಿ ರಕ್ತದ ಮೈ. ಸಂಜೆ ಇಬ್ಬರೂ ಕಲ್ಲಿನ ಮೇಲೆ ಕೂರುತ್ತಿದ್ದೆವು, ಅವರು ಎಡಕ್ಕೆ, ನಾನು ಬಲಕ್ಕೆ. ಎಡಭಾಗ ಎಷ್ಟು ಬೆಚ್ಚಗಿರುತ್ತಿತ್ತೆಂದರೆ ಹಪ್ಪಳ ಒಣಗಿಸಲು ನನಗೆ ಬಿಸಿಲೇ ಬೇಕಿರಲಿಲ್ಲ. ಅದರ ಕಾವು ಹರಡಿ ನನ್ನ ಭಾಗವೂ ಬೆಚ್ಚಗೇ ಇರುತ್ತಿತ್ತು. ಅವರು ಹೋದ ದಿನ ಜನ ಬಂದಿದ್ದರು, ಹದಿಮೂರನೆಯ ದಿನದ ತನಕವೂ ಬಂದರು. ಆಮೇಲೆ ಒಂದು ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದಾಗ ಕೈ ಎಡಭಾಗಕ್ಕೆ ತಗಲಿತು. ಬಾವಿಯ ಒಳಗೋಡೆಯ ಹಾಗೆ ತಣ್ಣಗಿತ್ತು. ಬಲಭಾಗ ಇನ್ನೂ ಉಗುರುಬೆಚ್ಚಗಿತ್ತು.

ಕಳೆದ ಮಳೆಗಾಲದ ನಂತರ ಅದೂ ಆರಿತು. ಪಾದಗಳು ಜೋಮು ಹಿಡಿಯತೊಡಗಿದವು. ಎಡಗಾಲಿನ ಕಿರುಬೆರಳು ಬೆಳಗಿನ ಹೊತ್ತು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಉಗುರನ್ನು ಒತ್ತಿ ಬಿಟ್ಟರೆ ಬೆಳ್ಳಗಾಗಿ, ಮತ್ತೆ ಕೆಂಪು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಎರಡು ಜೊತೆ ಕಾಲುಚೀಲ ಹಾಕಿಕೊಂಡೆ. ಬೆಳಿಗ್ಗೆ ಬೇಗನೆ ಎದ್ದು ಕಲ್ಲು ತೊಳೆದು, ಯಾರಾದರೂ ಬಂದು ಮುಟ್ಟಲಿ ಎಂದು ಬಾಗಿಲ ಹಿಂದೆ ಕೂತಿರುತ್ತಿದ್ದೆ. ಹೆಜ್ಜೆಗಳು ಮೇಲಿನ ಮನೆಗಳವರೆಗೆ ಬಂದು ತಿರುಗುತ್ತಿದ್ದವು. ಒಮ್ಮೆ ಪೇಪರಿನವನು ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ಕಲ್ಲಿನ ಮೇಲೆ ಊರಿ ನಿಂತ. ನಾನು ಬಾಗಿಲ ಹಿಂದೆ ಎದ್ದು ನಿಂತೆ. ಆದರೆ ಅವನು ರಬ್ಬರ್ ಚಪ್ಪಲಿ ಹಾಕಿದ್ದ.

ಇಂಥ ಹೊತ್ತಿನಲ್ಲಿ ಡಾಕ್ಟರ್ ತನುಜಾ ಊರಿಗೆ ಬಂದರು. ಕಾವಿನಸೊಪ್ಪು ನಿಜವಾಗಿ ರಕ್ತದ ಓಟಕ್ಕೆ ಸಹಾಯ ಮಾಡುತ್ತದೆಯೇ ಎಂದು ಪರೀಕ್ಷಿಸಲು ಬಂದ, ಇನ್ನೂ ಮೂವತ್ತು ಕೂಡ ದಾಟಿರದ ಹುಡುಗಿ. ಭುಜಕ್ಕೆ ಚೀಲ, ಕೈಯಲ್ಲಿ ಥರ್ಮಾಮೀಟರು. ಮನೆಯಿಂದ ಮನೆಗೆ ತಾವೇ ನಡೆದು ಕಲ್ಲಿನ ಬಿಸಿ ಅಳೆಯುತ್ತಾ, ಬೀದಿ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ಬಂದರು. ಅವರು ಈ ಊರಿನವರಲ್ಲದ ಕಾರಣ ಕೊನೆಯ ಮನೆಯನ್ನು ಬಿಡಬಹುದು ಎಂದು ಅವರಿಗೆ ಗೊತ್ತಿರಲಿಲ್ಲ.

"ಅಮ್ಮಾ, ಇದೇನು ಕಲ್ಲೋ ಫ್ರಿಜ್ಜೋ?" ಎಂದರು, ಅಂಗೈಯನ್ನು ಸೀರೆಗೆ ಉಜ್ಜಿಕೊಳ್ಳುತ್ತಾ.

ನಾನು ನಕ್ಕೆ. ಅಷ್ಟು ಕಾಲದ ಮೇಲೆ ಒಂದು ಅಂಗೈ ಅಲ್ಲಿ ಊರಿತ್ತು. ಒಳಗೆ ಕರೆದು ಕಾಫಿ ಕೊಟ್ಟೆ. ನನ್ನ ಕಾಲುಚೀಲ ತೆಗೆಸಿ, ಕಿರುಬೆರಳು ಒತ್ತಿ ನೋಡಿದರು. ನೋಡಿದ ಮೇಲೆ ತಾವೇ ಕಾಲುಚೀಲ ಹಾಕಿ ಹಿಮ್ಮಡಿಯ ಬಳಿ ಸರಿಮಾಡಿದರು. ಡಾಕ್ಟರುಗಳು ಸಾಮಾನ್ಯವಾಗಿ ಕಾಲುಚೀಲ ತೆಗೆಸುತ್ತಾರೆಯೇ ಹೊರತು ಹಾಕುವುದಿಲ್ಲ.

"ಈ ಸೊಪ್ಪಿನ ಬಗ್ಗೆ ಆಧಾರ ಏನಿದೆ?" ಎಂದು ಕೇಳಿದೆ.

ಅವರ ಮುಖ ಅರಳಿತು. "ಊರಲ್ಲಿ ಯಾರೂ ಇದನ್ನ ಕೇಳಿರಲಿಲ್ಲ ನೋಡಿ. ಇರೋದು ಬಹಳ ಕಡಿಮೆ ಅಮ್ಮ. ಒಂದು ಅಧ್ಯಯನ ಇಲಿಗಳ ಮೇಲೆ ಮಾಡಿದ್ದು. ಬಾಲದ ರಕ್ತನಾಳ ಸ್ವಲ್ಪ ಹಿಗ್ಗಿತಂತೆ. ಇನ್ನೊಂದು ಮನುಷ್ಯರ ಮೇಲೆ, ಆದರೆ ಬರೀ ಕೆಲವರು. ಎಲ್ಲರಿಗೂ ಸೊಪ್ಪನ್ನೇ ಕೊಟ್ಟು, ಎಲ್ಲರಿಗೂ ವಾಸಿ ಆಯ್ತು ಅಂತ ಬರೆದಿದಾರೆ. ಸೊಪ್ಪು ಕುಡೀದೇ ಇದ್ದವರ ಜೊತೆ ಹೋಲಿಸೇ ಇಲ್ಲ."

"ಹೋಲಿಕೆಗೆ ಇಟ್ಟ ಬಾಟಲಿ ಇಲ್ಲ ಅನ್ನಿ," ಎಂದೆ. ನಮ್ಮ ಕಚೇರಿಯಲ್ಲಿ ಯಾವ ನೀರು ಪರೀಕ್ಷಿಸುವಾಗಲೂ ಪಕ್ಕದಲ್ಲಿ ಒಂದು ಬಾಟಲಿ ಶುದ್ಧ ನೀರನ್ನು ಹಾಗೇ ಇಡುತ್ತಿದ್ದೆವು. ಅದಕ್ಕೆ ಏನನ್ನೂ ಬೆರೆಸುವಂತಿಲ್ಲ. ಅದರ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಉಳಿದ ಬಾಟಲಿಗಳಲ್ಲಿ ಏನಾಗಿದೆ ಎಂದು ತಿಳಿಯುತ್ತದೆ.

"ಅದೇ, ಅದೇ," ಎಂದರು ತನುಜಾ. ಕಲ್ಲು ತಣ್ಣಗಿರುವವರಲ್ಲಿ ಅರ್ಧ ಜನಕ್ಕೆ ಕಾವಿನಸೊಪ್ಪಿನ ಪುಡಿ, ಇನ್ನರ್ಧ ಜನಕ್ಕೆ ಬೇರೆ ಯಾವುದೋ ನಿರಪಾಯದ ಎಲೆಯ ಪುಡಿ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ. ಯಾವುದು ಯಾವುದೆಂದು ಅವರಿಗೂ ಗೊತ್ತಿಲ್ಲ, ಆ ಗುಟ್ಟು ಮೊಹರು ಹಾಕಿದ ಲಕೋಟೆಯಲ್ಲಿದೆ. ಬೆಲ್ಲ, ಜೀರಿಗೆ ಬೆರೆಸಿ ಎರಡರ ರುಚಿಯನ್ನೂ ಒಂದೇ ಮಾಡಿದ್ದಾರೆ. ಎರಡು ತಿಂಗಳು ಕುಡಿಯಬೇಕು. ಯಾರೂ ಪೊಟ್ಟಣ ಬದಲಾಯಿಸಿಕೊಳ್ಳಬಾರದು, ಪುಡಿ ಹೇಗಿದೆ ಎಂದು ತಮ್ಮತಮ್ಮಲ್ಲಿ ಚರ್ಚೆ ಮಾಡಬಾರದು.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ನನ್ನ ಬಾಯಿಂದ ನಾನು ಕೇಳಿರಲಿಲ್ಲ. ಕೊಯ್ದೂ ಇರಲಿಲ್ಲ. ಒಬ್ಬರು ಬಂದು ಕಲ್ಲು ಮುಟ್ಟಿ, ತಣ್ಣಗಿದೆ ಎಂದು ಹೇಳಿ, ಕುಡಿಯಲು ಕೊಡುತ್ತೇನೆ ಎಂದಿದ್ದರು. ಪದ್ಧತಿ ಮುರಿದ ಹಾಗಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧಕ್ಕೆ ಅರ್ಧ ಅವಕಾಶ. ಕೆಂಪೋ ನೀಲಿಯೋ, ನನ್ನ ಪಾಲಿಗೆ ನಿಜವಾದ ಸೊಪ್ಪು ಬಂದರೆ ಸಾಕು ಎಂದು ದೇವರ ಮುಂದೆ ದೀಪ ಹಚ್ಚಿದೆ. ವಿಜ್ಞಾನ ಓದಿದವಳು ಹಾಗೆ ಬೇಡಿಕೊಳ್ಳಬಾರದಿತ್ತು, ಆದರೂ ಬೇಡಿಕೊಂಡೆ.

ಆರೋಗ್ಯ ಕೇಂದ್ರದ ಜಗುಲಿಯಲ್ಲಿ ಪ್ರತಿ ಸೋಮವಾರ ಪೊಟ್ಟಣ ಹಂಚುತ್ತಿದ್ದರು. ನನಗೆ ನೀಲಿ ದಾರ ಬಂತು, ಯಾರಿಗೂ ತೋರಿಸದೆ ಕೈಚೀಲದೊಳಗೆ ಹಾಕಿಕೊಂಡೆ. ನಮ್ಮ ಬೀದಿಯ ನಡುಮನೆಯ ಮರಿಯಪ್ಪನವರಿಗೆ ಕೆಂಪು. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು, ನಿವೃತ್ತಿ ಮಾತ್ರ ಅವರ ನಾಲಿಗೆಗೆ ಇನ್ನೂ ತಲುಪಿರಲಿಲ್ಲ. "ಹಿಂದೆ ಹೋಗ್ರೀ, ಹಿಂದೆ ಖಾಲಿ ಇದೆ. ನೀಲಿ ಟಿಕೆಟ್ ಇದ್ದವ್ರು ಆ ಕಡೆ. ನೀರು ಮೇಡಂಗೆ ಸೀಟ್ ಬಿಡ್ರೀ," ಎಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾವು ನಿಂತರು. ಪ್ರತಿ ಸೋಮವಾರ ಹಾಗೆಯೇ ಮಾಡಿದರು. ಅವರ ಮಂಡಿಯೇನೂ ನನ್ನ ಮಂಡಿಗಿಂತ ಗಟ್ಟಿಯಾಗಿರಲಿಲ್ಲ.

ಕೇಂದ್ರದ ಎದುರಿಗೆ ಹಾಲಮ್ಮನ ಇಡ್ಲಿ ಅಂಗಡಿ. ಅವಳದೂ ನಮ್ಮ ಬೀದಿಯೇ, ಮೇಲಿನ ತುದಿಯಲ್ಲಿ ಮೊದಲನೆಯ ಮನೆ. ಪೊಟ್ಟಣ ತೆಗೆದುಕೊಂಡವರೆಲ್ಲ ಅಲ್ಲಿ ಸೇರುತ್ತಿದ್ದರು. ಎರಡನೆಯ ವಾರ ನಾನೂ ಹೋದೆ. ದೂರದಿಂದ ನೋಡಿದಾಗ ತಲೆಗಳೆಲ್ಲ ಒಂದೆಡೆ ಬಗ್ಗಿದ್ದವು, ಹಾಲಮ್ಮ ಏನನ್ನೋ ಹೇಳುತ್ತಿದ್ದಳು, ಮರಿಯಪ್ಪನವರು ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಗುತ್ತಿದ್ದರು. ನಾನು ಹತ್ತಿರ ಬರುತ್ತಲೇ ಮಾತು ನಿಂತಿತು. ಒಬ್ಬರು ಆಕಾಶ ನೋಡಿದರು. ಒಬ್ಬರು ಚಟ್ನಿ ಕೇಳಿದರು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದಳು ಹಾಲಮ್ಮ. ತಟ್ಟೆಯಲ್ಲಿ ಎರಡು ಇಡ್ಲಿ ಹಾಕಿ, ಮೂರನೆಯದನ್ನು ಕೇಳದೆಯೇ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಏನೋ ಕೇಳುವವಳಂತೆ, "ಮತ್ತೆ, ಪುಡಿ ಹೆಂಗದೆ ಮೇಡಂ? ಕುಡೀತಾ ಇದೀರಾ?" ಎಂದಳು.

ಚರ್ಚೆ ಮಾಡಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಉತ್ತರ ಕೊಡದಿದ್ದರೆ ಅವಳಿಗೆ ಬೇಸರವಾದೀತು. "ಚೆನ್ನಾಗಿದೆ ಹಾಲಮ್ಮ. ಬೆಲ್ಲ ಹಿತವಾಗಿದೆ," ಎಂದೆ.

"ಚೆನ್ನಾಗದೆ ಅಂದ್ರೆ ಸರಿ ಬಿಡಿ," ಎಂದಳು. ಅವಳ ಮುಖದಲ್ಲಿ ಏನೋ ನಿರಾಳವಾದ ಹಾಗೆ ಕಂಡಿತು. ಮರಿಯಪ್ಪನವರೂ ತಲೆಯಾಡಿಸಿದರು. ಆಮೇಲೆ ಮಾತು ತರಕಾರಿಯ ಕಡೆ ಹೋಯಿತು. ಅದು ನನಗಾಗಿ ತಂದ ವಿಷಯ ಎಂದು ನನಗೆ ಗೊತ್ತಾಗುತ್ತಿತ್ತು. ಇಡ್ಲಿ ಮುಗಿಸಿ ಎದ್ದು ಬಂದೆ. ಬೀದಿ ತಿರುಗುವಾಗ ಹಿಂದೆ ನಗು ಮತ್ತೆ ಶುರುವಾದದ್ದು ಕೇಳಿಸಿತು. ನನ್ನ ಬಗ್ಗೆ ನಗುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ನಾನು ಎದ್ದು ಹೋಗುವುದನ್ನು ಆ ನಗು ಕಾಯುತ್ತಿತ್ತು, ಅಷ್ಟೆ. ಅದು ಹೆಚ್ಚು ನೋಯಿಸಿತು.

ಆಮೇಲಿನ ವಾರಗಳಲ್ಲಿ ಪೊಟ್ಟಣ ತೆಗೆದುಕೊಂಡು ನೇರ ಮನೆಗೆ ಬರುತ್ತಿದ್ದೆ. ಬೆಳಿಗ್ಗೆ ಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಲೋಟದಲ್ಲಿ ಹಾಕಿಕೊಂಡು ಹಿತ್ತಲ ಬಾಗಿಲ ಬಳಿ ಕೂತು ಕುಡಿಯುತ್ತಿದ್ದೆ. ಮುಂಬಾಗಿಲ ಕಲ್ಲಿನ ಮೇಲೆ ಕೂರುವವರು ಯಾರೂ ಇಲ್ಲದಾಗ ಅಲ್ಲಿ ಲೋಟ ಹಿಡಿದು ಕೂರಲು ನಾಚಿಕೆಯಾಗುತ್ತಿತ್ತು. ಬೆಲ್ಲದ ರುಚಿ, ಜೀರಿಗೆಯ ವಾಸನೆ, ಕೊನೆಯಲ್ಲಿ ಒಣಹುಲ್ಲಿನಂಥ ಒಗರು. ಇದೇ ಕಾವಿನಸೊಪ್ಪಿರಬೇಕು ಎಂದು ದಿನವೂ ಅಂದುಕೊಂಡೆ. ಒಂದೊಂದು ದಿನ ಪಾದ ಸ್ವಲ್ಪ ಬೆಚ್ಚಗಾದ ಹಾಗೂ ಅನ್ನಿಸಿತು. ಕಲ್ಲು ಮುಟ್ಟಿ ನೋಡಲು ಮಾತ್ರ ಧೈರ್ಯ ಬರಲಿಲ್ಲ.

ಎರಡು ತಿಂಗಳಾದ ಮೇಲೆ ತನುಜಾ ಮತ್ತೆ ಥರ್ಮಾಮೀಟರು ಹಿಡಿದು ಬೀದಿ ಇಳಿದರು. ಮೇಲಿನ ಮನೆಗಳಿಂದ ಒಂದೊಂದೇ ಸಂಭ್ರಮದ ಧ್ವನಿ ಕೇಳುತ್ತಾ ಬಂತು. ಮರಿಯಪ್ಪನವರ ಕಲ್ಲು ಬೆಚ್ಚಗಿತ್ತು. ಅವರ ಎದುರು ಮನೆಯ ಮುದುಕಿಯದು ಅದಕ್ಕಿಂತ ಹೆಚ್ಚು. ನನ್ನ ಕಲ್ಲಿನ ಮೇಲೆ ತನುಜಾ ಥರ್ಮಾಮೀಟರನ್ನು ಬಲಕ್ಕೆ ಇಟ್ಟು, ಎಡಕ್ಕೆ ಇಟ್ಟು, ಮತ್ತೆ ಬಲಕ್ಕೆ ಇಟ್ಟರು. ಬರೆದುಕೊಂಡರು. "ಕುಡಿಯೋದು ತಪ್ಪಿಸಲಿಲ್ಲ ಅಲ್ವಾ ಅಮ್ಮ?" ಎಂದರು.

"ಒಂದು ದಿನವೂ ಇಲ್ಲ," ಎಂದೆ.

ಆ ಮಧ್ಯಾಹ್ನ ಎಲ್ಲರನ್ನೂ ಕೇಂದ್ರಕ್ಕೆ ಕರೆಸಿದರು. ಲಕೋಟೆ ಒಡೆದರು. ಕೆಂಪು ದಾರದ್ದು ಕಾವಿನಸೊಪ್ಪು, ನೀಲಿ ದಾರದ್ದು ಬೇರೆ ಎಲೆ. ನಾನು ನನ್ನ ಕೈಚೀಲದ ಹಿಡಿಯನ್ನೇ ನೋಡುತ್ತಾ ಕೂತೆ. ಅದಕ್ಕೆ ಕಟ್ಟಿದ್ದ ಕೊನೆಯ ಪೊಟ್ಟಣದ ನೀಲಿ ದಾರವನ್ನು, ಚೆನ್ನಾಗಿದೆ ಎಂದು, ನಾನೇ ಉಳಿಸಿಕೊಂಡಿದ್ದೆ.

ತನುಜಾ ಕಾಗದಗಳನ್ನು ಹಿಂದೆಮುಂದೆ ತಿರುವಿದರು. "ಕೆಂಪಿನವರ ಕಲ್ಲೂ ಬೆಚ್ಚಗಾಗಿದೆ, ನೀಲಿಯವರಲ್ಲೂ ಹೆಚ್ಚುಕಡಿಮೆ ಎಲ್ಲರ ಕಲ್ಲೂ ಅಷ್ಟೇ ಬೆಚ್ಚಗಾಗಿದೆ," ಎಂದರು. ದನಿ ಮೆತ್ತಗಿತ್ತು. "ನಿಮಗೆಲ್ಲ ಬೇಜಾರಾಗಬಹುದು. ಆದರೆ ಇದರ ಪ್ರಕಾರ ಸೊಪ್ಪಿನಿಂದ ವಿಶೇಷವಾಗಿ ಏನೂ ಆಗಲ್ಲ ಅಂತ ಬರೀಬೇಕಾಗುತ್ತೆ."

ಜಗುಲಿಯಲ್ಲಿ ಗುಸುಗುಸು ಎದ್ದಿತು. ಹಾಲಮ್ಮ ಮರಿಯಪ್ಪನವರನ್ನು ಮೊಣಕೈಯಿಂದ ತಿವಿದಳು. ಮರಿಯಪ್ಪನವರು ಗಂಟಲು ಸರಿಮಾಡಿಕೊಂಡು ಎದ್ದರು. "ಹಂಗೆ ಬರೀಬ್ಯಾಡಿ ಡಾಕ್ಟ್ರೇ. ಅದು ಏನಾಯ್ತು ಅಂದ್ರೆ, ನೀಲಿ ಟಿಕೆಟ್ಟಿನೋರು ಯಾರೂ ನೀಲಿ ಕುಡೀಲಿಲ್ಲ."

"ಅಂದರೆ?"

"ಕೆಂಪಿನೋರು ಅರ್ಧ ಅರ್ಧ ಕೊಟ್ರು. ನಂದರ್ಧ ಎದುರುಮನೆ ಅಜ್ಜಿಗೆ. ಸಾಲದೋರಿಗೆ ಹಾಲಮ್ಮ ಗುಡ್ಡದಿಂದ ಹಸೀ ಸೊಪ್ಪು ತಂದು ಕಾಯಿಸಿಕೊಟ್ಲು. ನಿಮ್ಮ ನೀಲಿ ಪುಡೀನೆಲ್ಲ ಕರೀಗೆ ಹಾಕಿದೀವಿ. ಅವಳ ಹಸು ಅದು, ಚೆನ್ನಾಗೇ ತಿಂತು."

ತನುಜಾ ಕುರ್ಚಿಯ ಮೇಲೆ ಕೂತರು. ಕೋಪ ಬರಲಿಲ್ಲ ಅವರಿಗೆ, ಅಳು ಬರುವ ಹಾಗಿತ್ತು. "ಬದಲಾಯಿಸಬೇಡಿ ಅಂತ ಅಷ್ಟು ಸಲ ಹೇಳಿದ್ನಲ್ಲ."

"ಹೇಳಿದ್ರಿ ತಾಯಿ," ಎಂದಳು ಹಾಲಮ್ಮ. "ಆದ್ರೆ ಪಕ್ಕದ ಮನೆ ಕಲ್ಲು ತಣ್ಣಗದೆ ಅಂತ ಗೊತ್ತಾದ್ಮೇಲೆ, ಅವ್ರು ಸುಳ್ಳು ಸೊಪ್ಪು ಕುಡೀತಾವ್ರೆ ಅಂತಾನೂ ಗೊತ್ತಾದ್ಮೇಲೆ, ನಮ್ಮ ಲೋಟ ನಾವು ಕುಡ್ಕೊಂಡು ಸುಮ್ನಿರಕ್ಕಾಗ್ತದಾ? ನೀವೇ ಹೇಳಿ."

"ಗೊತ್ತಾದದ್ದು ಹೇಗೆ? ಎರಡರ ರುಚಿನೂ ಒಂದೇ ಇತ್ತಲ್ಲ?"

ಇದಕ್ಕೆ ಇಡೀ ಜಗುಲಿ ನಕ್ಕಿತು. "ಒಂದೇನಾ?" ಎಂದರು ಮರಿಯಪ್ಪನವರು. "ನೀವು ಇಡೀ ಗಾಣದ ಬೆಲ್ಲ ಹಾಕಿದ್ರೂ ಅದು ಮುಚ್ಚಲ್ಲ ತಾಯಿ. ಕಾವಿನಸೊಪ್ಪು ನುಂಗಿದ್ಮೇಲೆ ನಾಲಿಗೆ ಎರಡೂ ಅಂಚು ಚುರ್ ಅಂತದೆ, ಇರುವೆ ಹರಿದ ಹಂಗೆ. ಆಮೇಲೆ ಕಿವಿ ಬಿಸಿ ಆಗ್ತದೆ. ಒಂದು ಸಲ ಕುಡಿದೋರು ಸಾಯೋಗಂಟ ಮರೆಯಲ್ಲ. ಹಸುಗೂಸಿಗೂ ಗೊತ್ತು."

ತನುಜಾ ಹಣೆ ಒತ್ತಿಕೊಂಡರು. ಕೊನೆಯ ಆಸೆ ಎಂಬಂತೆ ತಲೆಯೆತ್ತಿ, "ಎಲ್ಲರೂ ಹೀಗೇ ಮಾಡಿದ್ರಾ? ಕೊಟ್ಟಿದ್ದನ್ನ ಕೊಟ್ಟ ಹಾಗೇ ಕುಡಿದವರು ಒಬ್ಬರೂ ಇಲ್ವಾ?" ಎಂದರು.

ನಾನು ಎದ್ದು ನಿಂತೆ. ಪಾದ ಜೋಮು ಹಿಡಿದಿದ್ದರಿಂದ ಬೆಂಚು ಹಿಡಿದುಕೊಳ್ಳಬೇಕಾಯಿತು. "ನಾನು ಕುಡಿದೆ," ಎಂದೆ.

"ನಿಮ್ಮದು ಯಾವ ದಾರ?" ಎಂದರು ತನುಜಾ, ಕಾಗದದಲ್ಲಿ ನನ್ನ ಹೆಸರು ಹುಡುಕುತ್ತಾ.

"ನೀಲಿ."

ನಗು ಅಲ್ಲಲ್ಲೇ ನಿಂತಿತು. ಹಾಲಮ್ಮ ನನ್ನ ಕಡೆ ತಿರುಗಿದಳು. "ನೀಲೀನಾ? ನಿಮ್ಮದು ನೀಲೀನಾ ಮೇಡಂ? ಮತ್ತೆ ಅವತ್ತು ನಾನು ಕೇಳಿದ್ದಕ್ಕೆ ಚೆನ್ನಾಗದೆ ಅಂದ್ರಿ. ಚೆನ್ನಾಗದೆ ಅಂದ್ರೆ ಕೆಂಪೇ ಸಿಕ್ಕದೆ ಅಂತ ನಾವು ತಿಳ್ಕೊಂಡ್ವಿ. ನಿಮ್ಮ ಹತ್ರ ಹೇಳಿದ್ರೆ ನೀವು ಓದಿದೋರು, ಡಾಕ್ಟ್ರ ಕಡೆಯೋರು, ತಪ್ಪು ಅಂತೀರಿ ಅಂತ ಸುಮ್ನಿದ್ವಿ. ಕುಡಿದಾಗ ಚುರ್ ಅನ್ನಲಿಲ್ಲ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಅದು ಚುರ್ ಅನ್ನಬೇಕು ಅಂತ ನನಗೆ ಗೊತ್ತಿರಲಿಲ್ಲ," ಎಂದೆ.

ಆ ಮಾತು ಹೇಳುವಾಗ ನನಗೆ ಅದರಲ್ಲಿ ಏನಾದರೂ ಇದೆ ಅನ್ನಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದ್ದೆ, ಅಷ್ಟೆ. ಅದು ಏನೆಂದು ಅವರ ಮುಖಗಳನ್ನು ನೋಡಿದ ಮೇಲೆ ತಿಳಿಯಿತು. ಹಾಲಮ್ಮನ ಬಾಯಿ ಸ್ವಲ್ಪ ತೆರೆದೇ ಇತ್ತು. ಮರಿಯಪ್ಪನವರು ಟವೆಲ್ಲನ್ನು ಭುಜದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಸಾವಿನ ಮನೆಗೆ ಹೋದಾಗ ಹಿಡಿದುಕೊಳ್ಳುವ ಹಾಗೆ. ಎಲ್ಲರೂ ಮನಸ್ಸಿನಲ್ಲಿ ನಮ್ಮ ಬೀದಿಯನ್ನು ಇಳಿಯುತ್ತಿದ್ದರು, ನನ್ನ ಬಾಗಿಲವರೆಗೆ ಲೋಟ ಹಿಡಿದು ಯಾರು ಹೋಗಿದ್ದರು ಎಂದು ನೆನಪಿಸಿಕೊಳ್ಳುತ್ತಿದ್ದರು. ನಾನು ಮದುಮಗಳಾಗಿ ಬಂದಾಗ ಮರಿಯಪ್ಪನವರ ಮೀಸೆ ಕಪ್ಪಗಿತ್ತು, ಈಗ ಪೂರ್ತಿ ಬಿಳಿ.

"ಯಾರೂ ತಂದುಕೊಟ್ಟಿಲ್ವಾ?" ಎಂದಳು ಹಾಲಮ್ಮ. ಅವಳ ದನಿ ಬಹಳ ಸಣ್ಣಗಿತ್ತು. ಅದು ನನ್ನನ್ನು ಕೇಳಿದ ಪ್ರಶ್ನೆಯಲ್ಲ.

"ಬೇಕಾಗಿರಲಿಲ್ಲ," ಎಂದೆ ನಾನೇ. "ನಮ್ಮವರಿದ್ದಾಗ ಕಲ್ಲು ಬೆಚ್ಚಗಿರುತ್ತಿತ್ತು."

ಆಮೇಲೆ ಜನ ಒಬ್ಬೊಬ್ಬರಾಗಿ ಎದ್ದರು. ಚಪ್ಪಲಿ ಹುಡುಕುವುದರಲ್ಲಿ ಎಲ್ಲರಿಗೂ ಬಹಳ ಕೆಲಸವಿದ್ದ ಹಾಗಿತ್ತು. ತನುಜಾ ನನ್ನ ಬಳಿ ಬಂದು ಕೂತರು. "ನಿಮ್ಮೊಬ್ಬರದ್ದು ಮಾತ್ರ ಸರಿಯಾದ ಫಲಿತಾಂಶ ಅಮ್ಮ," ಎಂದರು. "ಆದರೆ ಒಬ್ಬರನ್ನ ಇಟ್ಕೊಂಡು ಏನೂ ಹೇಳೋಕಾಗಲ್ಲ. ಸೊಪ್ಪು ಕೆಲಸ ಮಾಡುತ್ತೆ ಅಂತಾನೂ ಬರೆಯೋಕಾಗಲ್ಲ, ಮಾಡಲ್ಲ ಅಂತಾನೂ ಬರೆಯೋಕಾಗಲ್ಲ."

"ಗೊತ್ತು," ಎಂದೆ. "ಆದರೂ ಬಾಟಲಿಗೆ ಏನೂ ಬೆರೆತಿರಲಿಲ್ಲ ನೋಡಿ."

ಅವರು ನಗಲಿಲ್ಲ. ನನ್ನ ಕೈಚೀಲವನ್ನು ಎತ್ತಿಕೊಂಡು ರಸ್ತೆ ದಾಟಿಸಿಕೊಟ್ಟರು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವರು ಹೊರಡುವವರಿದ್ದರು. ಥರ್ಮಾಮೀಟರನ್ನು ನನಗೇ ಕೊಟ್ಟರು, ತಮ್ಮ ಬಳಿ ಇನ್ನೊಂದಿದೆ ಎಂದರು. ಇನ್ನೊಂದಿರಲಿಲ್ಲ ಎಂದು ನನಗೆ ಈಗಲೂ ಅನುಮಾನ.

ನಾನು ಒಬ್ಬಳೇ ಬೀದಿ ಇಳಿದೆ. ಜೊತೆಗೆ ಬರಲು ಯಾರಿಗೂ ಮುಖವಿರಲಿಲ್ಲ, ಅದು ನನಗೆ ಅರ್ಥವಾಗುತ್ತಿತ್ತು. ಸಂಜೆಯ ಹೊತ್ತು. ಮನೆಗಳ ಕಲ್ಲುಗಳೆಲ್ಲ ಬೆಚ್ಚಗಿದ್ದವು, ಹತ್ತಿರ ಹೋದರೆ ಕಾಲಿಗೆ ಆ ಕಾವು ತಗಲುತ್ತಿತ್ತು. ಮರಿಯಪ್ಪನವರ ಕಲ್ಲಿನ ಮೇಲೆ ಬೂದು ಬೆಕ್ಕು ಮಲಗಿತ್ತು. ಅವರ ಮನೆ ದಾಟಿದ ಮೇಲೆ ನನ್ನ ಹೆಜ್ಜೆಯ ಸದ್ದು ಮಾತ್ರ ಉಳಿಯಿತು.

ಬೆಳಿಗ್ಗೆ ಅಡುಗೆಮನೆಯಲ್ಲಿದ್ದಾಗ ಮುಂಬಾಗಿಲ ಕಡೆ ಬಳೆಯ ಸದ್ದು ಕೇಳಿಸಿತು. ಕಲ್ಲಿಗೆ ಬಳೆ ತಗಲಿದ ಸದ್ದು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ಕಲ್ಲು ಮುಟ್ಟುವಾಗ ಒಳಗಿನವರು ಬಾಗಿಲು ತೆಗೆಯುವಂತಿಲ್ಲ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಹೆಜ್ಜೆಗಳು ಮೇಲೆ ಹೋದವು. ಬೇಗಬೇಗ ಹೋದವು. ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿತು. ಒರೆಸುತ್ತಾ, ಯಾರೋ ವಿಳಾಸ ತಪ್ಪಿ ಬಂದಿರಬೇಕು ಎಂದುಕೊಂಡೆ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ. ಬೀದಿ ಏರು, ಸೊಪ್ಪು ಕುದಿಯಲು ಹೊತ್ತು ಬೇಕು, ಇಳಿಯುವಾಗ ಲೋಟ ತುಳುಕದ ಹಾಗೆ ನಿಧಾನ ನಡೆಯಬೇಕು ಎಂದು ನನಗೆ ತಿಳಿದಿತ್ತು. ತಿಳಿದದ್ದರಿಂದ ಕಾಯುವುದು ಸುಲಭವೇನೂ ಆಗಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹಾಲಮ್ಮ. ಸೆರಗಿನಲ್ಲಿ ಸುತ್ತಿದ ಸ್ಟೀಲಿನ ಲೋಟ, ಮೇಲೆ ಮುಚ್ಚಿದ ತಟ್ಟೆ. ಕಣ್ಣು ಕೆಂಪಗಿತ್ತು. ಬೈಯುವುದಕ್ಕೆಂದೇ ಬಂದವಳ ಹಾಗೆ ಮುಖ ಗಂಟಿಕ್ಕಿದ್ದಳು.

"ಏನು ಕಲ್ಲು ಇಟ್ಕೊಂಡಿದೀರಿ ಮನೆ ಮುಂದೆ," ಎಂದಳು. "ಕೈ ಇಟ್ಟರೆ ಮೊಣಕೈಗಂಟ ಜುಂ ಅಂತದೆ. ತಗೊಳ್ಳಿ. ಬಿಸಿ ಇದ್ದಾಗಲೇ ಕುಡೀಬೇಕು."

"ನಿನ್ನ ಅಂಗಡಿ ಹಾಲಮ್ಮ? ಗಿರಾಕಿಗಳು ಕಾಯ್ತಾ ಇರ್ತಾರೆ."

"ಕಾಯ್ಲಿ. ಮರಿಯಪ್ಪನ್ನ ಕೂರಿಸಿ ಬಂದಿದೀನಿ. ಇಡ್ಲಿಗೂ ಟಿಕೆಟ್ ಹರೀತಾ ಕೂತವ್ನೆ. ನೀವು ಕುಡೀರಿ ಅಕ್ಕ."

ಮೇಡಂ ಅನ್ನಲಿಲ್ಲ. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ. ಕಲ್ಲಿನ ಬಲಭಾಗದಲ್ಲಿ ನನ್ನ ತುಳಸಿಕುಂಡ ಇತ್ತು, ನಾನು ಅದರ ಪಕ್ಕದಲ್ಲಿ ಕೂತೆ. ಅವಳು ಎಡಭಾಗದಲ್ಲಿ ದಪ್ಪಗೆ ಕೂತಳು, ಕಾಲು ಚಾಚಿ, ಅದು ಬಸ್ಸಿನ ಸೀಟು ಎಂಬಂತೆ. ನಮ್ಮವರು ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಬೇಡ ಎನ್ನಲು ಹೊರಟವಳು ಲೋಟದ ಮೇಲಿನ ತಟ್ಟೆ ತೆಗೆದೆ.

ಒಂದು ಗುಟುಕು ಕುಡಿದೆ. ಬೆಲ್ಲವಿಲ್ಲ, ಜೀರಿಗೆಯಿಲ್ಲ, ಬರಿಯ ಹಸಿರು ಕಹಿ. ನುಂಗಿದ ಮೇಲೆ ಏನೂ ಆಗಲಿಲ್ಲ. ಹಾಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನಾಲಿಗೆಯ ಎರಡೂ ಅಂಚು ಚುರ್ ಎಂದವು, ಸಾಲುಹಿಡಿದ ಇರುವೆಗಳು ಹಿಂದಕ್ಕೆ ಹೋದ ಹಾಗೆ. ಕಿವಿ ಬಿಸಿಯಾಯಿತು.

"ಬಂತಾ?" ಎಂದಳು.

ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತು. ಸೊಪ್ಪಿಗೆ ಹಾಗೆ ಬರುತ್ತದಂತೆ, ಮೊದಲ ಸಲ ಎಲ್ಲರಿಗೂ ಬರುತ್ತದಂತೆ. ಹಾಲಮ್ಮ ಹಾಗೆ ಹೇಳಿದಳು. ಅದಕ್ಕೆ ಆಧಾರವೇನು ಎಂದು ನಾನು ಕೇಳಲಿಲ್ಲ.

ಅವಳು ಸೊಸೆಯ ಬಗ್ಗೆ, ಉದ್ದಿನಬೇಳೆಯ ಬಗ್ಗೆ, ಕರಿ ಹಸುವಿಗೆ ನೀಲಿ ಪುಡಿ ತಿಂದ ಮೇಲೆ ಹೆಚ್ಚಿದ ಜಂಬದ ಬಗ್ಗೆ ಮಾತಾಡಿದಳು. ನಾನು ನಿಧಾನವಾಗಿ ಕುಡಿದೆ. ಲೋಟ ಖಾಲಿಯಾದರೆ ಅವಳು ಏಳುತ್ತಾಳೆ ಎಂದು ಗೊತ್ತಿತ್ತು. ಕೊನೆಯ ಗುಟುಕು ತಣ್ಣಗಾದ ಮೇಲೂ ಸ್ವಲ್ಪ ಹೊತ್ತು ಲೋಟವನ್ನು ಹಾಗೇ ಹಿಡಿದಿದ್ದೆ. ಅವಳಿಗೆ ಕಂಡಿತು. ಕಂಡೂ ಉದ್ದಿನಬೇಳೆಯ ಮಾತನ್ನು ಮತ್ತೆ ಮೊದಲಿಂದ ಶುರುಮಾಡಿದಳು.

ಕೆಲವು ವಾರಗಳ ಮೇಲೆ ತನುಜಾ ಫೋನು ಮಾಡಿದರು. ಹಾಲಮ್ಮ ವಾರದಲ್ಲಿ ಎರಡು ಮೂರು ದಿನ ಬರುತ್ತಿದ್ದಳು, ಅಂಗಡಿಯ ಗದ್ದಲ ಹೆಚ್ಚಿದ್ದರೆ ಅದೂ ಇಲ್ಲ. ಬರದ ದಿನಗಳು ಈಗ ಮೊದಲಿಗಿಂತ ಉದ್ದ. ಅದನ್ನು ನಾನು ಹೇಳಲಿಲ್ಲ.

"ಕಲ್ಲು ಹೇಗಿದೆ ಅಮ್ಮ? ಅಳೆದ್ರಾ?"

"ಬಲಗಡೆ ಸ್ವಲ್ಪ ಏರಿದೆ. ಸೊಪ್ಪಿನದಿರಬಹುದು. ಬೇಸಿಗೆ ಬಂತಲ್ಲ, ಬಿಸಿಲಿನದೂ ಇರಬಹುದು. ಕಿರುಬೆರಳು ಈಗ ಅಷ್ಟು ನೇರಳೆ ಆಗುವುದಿಲ್ಲ."

"ಎಡಗಡೆ?"

"ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ," ಎಂದೆ.

ಆ ಬೆಳಿಗ್ಗೆ ಹಾಲಮ್ಮ ಬಂದು ಹೋಗಿದ್ದಳು. ಫೋನು ಇಟ್ಟ ಮೇಲೆ ಲೋಟ ಕೊಂಡೊಯ್ಯಲು ಮರೆತಿದ್ದಾಳೇನೋ ಎಂದು ಬಾಗಿಲಿಗೆ ಬಂದೆ. ಮರೆತಿರಲಿಲ್ಲ. ಬೀದಿ ಮೇಲಿನವರೆಗೂ ಖಾಲಿಯಾಗಿತ್ತು. ಬಗ್ಗಿ ಕಲ್ಲಿನ ಎಡಭಾಗದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಅದು ನನ್ನ ರಕ್ತದ್ದಲ್ಲ, ನಮ್ಮವರದೂ ಅಲ್ಲ, ಕೂತೆದ್ದು ಹೋದ ಹೆಂಗಸೊಬ್ಬಳು ಬಿಟ್ಟು ಹೋದ ಬಿಸಿ, ಇನ್ನು ಸ್ವಲ್ಪ ಹೊತ್ತಿಗೆ ಆರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಥರ್ಮಾಮೀಟರು ಒಳಗೆ ಮೇಜಿನ ಮೇಲಿತ್ತು. ಅದನ್ನು ತರಲು ಹೋಗದೆ, ಆರುವವರೆಗೂ ಕೈ ಅಲ್ಲೇ ಇಟ್ಟುಕೊಂಡಿದ್ದೆ.